ಅನುವಾದಕ್ಕೆ ಸ್ವಂತ ನೆಲೆ ಇದೆಯೇ? ಬಹುಭಾಷಾ ಜಾಲತಾಣಗಳು ಮತ್ತು ಶಬ್ದಪ್ರಮಾಣದ ಪ್ರಶ್ನೆ

ಒಂದೇ ವಿಷಯವನ್ನು ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಕೊಡುವ ಜಾಲತಾಣದಲ್ಲಿ ಇರುವುದು ಒಂದು ಪುಟವೋ, ಮೂರು ಪುಟಗಳೋ? ಇದನ್ನು ಬಗೆಹರಿಸದೆ ಯಾವ ಸರ್ಚ್ ಎಂಜಿನ್ನೂ ಕೆಲಸ ಮಾಡಲಾರದು. ಒಂದೇ ಎಂದುಕೊಂಡರೆ ಮೂರರಲ್ಲಿ ಒಂದನ್ನು ಉಳಿಸಿಕೊಂಡು ಮಿಕ್ಕೆರಡನ್ನು ನಕಲುಗಳೆಂದು ಬದಿಗಿಡಬೇಕು. ಮೂರು ಎಂದುಕೊಂಡರೆ ಪ್ರತಿಯೊಂದನ್ನೂ ಬೇರೆಬೇರೆಯಾಗಿ ತೂಗಿ, ಯಾವ ಓದುಗನ ಮುಂದೆ ಯಾವುದನ್ನು ಇಡಬೇಕೆಂದು ತೀರ್ಮಾನಿಸಬೇಕು. ಜಾಲತಾಣ ಕಟ್ಟುವವರಿಗೆ ಇದು ಕೆಲವು ಸಾಲು ಕೋಡಿನ ವಿಷಯ. ಆ ಸಾಲುಗಳ ಅಡಿಯಲ್ಲಿರುವುದು ಮಾತ್ರ ಭಾರತೀಯ ದರ್ಶನಗಳು ನೂರಾರು ವರ್ಷ ಚರ್ಚಿಸಿದ ಪ್ರಶ್ನೆ: ಇನ್ನೊಂದು ಭಾಷೆಗೆ ಬಂದ ಮಾತು ತನ್ನ ಬಲದಿಂದಲೇ ಅರ್ಥ ಕೊಡುತ್ತದೆಯೋ, ಮೂಲದಿಂದ ಎರವಲು ತಂದು ಕೊಡುತ್ತದೆಯೋ? ಇದರ ಜೊತೆಗೆ ಇನ್ನೆರಡು ಪ್ರಶ್ನೆಗಳು ಸೇರಿಕೊಳ್ಳುತ್ತವೆ. ಓದುಗನನ್ನು ಗುರುತಿಸಬೇಕಾದದ್ದು ಅವನ ಭಾಷೆಯಿಂದಲೋ, ಅವನಿರುವ ದೇಶದಿಂದಲೋ? ಎಲ್ಲಕ್ಕಿಂತ ಮೇಲೆ ನಿಂತ ಪುಟವನ್ನು ನಂಬಲು ಕಾರಣವೇನು?

ಸಾಧುಶಬ್ದ ಮತ್ತು ದೇಶಭಾಷೆ

ಹಸುವಿಗೆ 'ಗೋ' ಎಂಬುದು ಸಾಧುಶಬ್ದ, 'ಗಾವೀ', 'ಗೋಣೀ' ಮೊದಲಾದವು ಅಪಭ್ರಂಶಗಳು ಎಂದು ಪತಂಜಲಿಯ ಮಹಾಭಾಷ್ಯ ಹೇಳುತ್ತದೆ. ಅರ್ಥ ತಿಳಿಸುವುದರಲ್ಲಿ ಎರಡಕ್ಕೂ ಭೇದವಿಲ್ಲ, ಧರ್ಮ ದೊರೆಯುವುದು ಮಾತ್ರ ಸಾಧುಶಬ್ದದ ಬಳಕೆಯಿಂದ ಎಂಬುದು ಅಲ್ಲಿನ ನಿಲುವು. ವೇದವಾಕ್ಯಗಳ ಅರ್ಥವನ್ನು ವಿಚಾರಿಸುವ ಮೀಮಾಂಸಕರು ಇನ್ನೂ ಬಿಗಿ. ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧ ಯಾರೂ ಮಾಡಿದ್ದಲ್ಲ, ಅದು ಹುಟ್ಟಿನಿಂದಲೇ ಬಂದದ್ದು ಎಂದು ಜೈಮಿನಿಯ ಸೂತ್ರಗಳು ಸಾರುತ್ತವೆ. ಆ ಸಂಬಂಧ ಇರುವುದು ಸಂಸ್ಕೃತ ಶಬ್ದಕ್ಕೆ. ದೇಶಭಾಷೆಯ ಮಾತು ಕೇಳಿದವನಿಗೆ ಅರ್ಥವಾದರೆ, ಆ ಮಾತು ಮೂಲಶಬ್ದವನ್ನು ನೆನಪಿಗೆ ತಂದದ್ದರಿಂದ ಅರ್ಥವಾಯಿತು ಎಂದು ಅವರು ವಿವರಿಸಿದರು. ಈ ವಿವರಣೆಯಲ್ಲಿ ದೇಶಭಾಷೆಗೆ ಕೈಮರದ ಕೆಲಸವೇ ಹೊರತು ಸ್ವಂತ ಶಕ್ತಿಯಿಲ್ಲ.

ಇದಕ್ಕೆ ಎದ್ದ ಆಕ್ಷೇಪ ಸರಳ, ಆದರೆ ತಳ ಅಲ್ಲಾಡಿಸುವಂಥದ್ದು. ಸಂಸ್ಕೃತವನ್ನೇ ಕಲಿಯದ ಹೆಂಗಸರು, ಮಕ್ಕಳು, ದನಗಾಹಿಗಳು ತಮ್ಮ ಮಾತನ್ನು ನೇರವಾಗಿ ತಿಳಿಯುತ್ತಾರೆ. ಅವರಿಗೆ ನೆನಪಾಗಲು ಮೂಲಶಬ್ದದ ಪರಿಚಯವೇ ಇಲ್ಲ. ಭರ್ತೃಹರಿ ತನ್ನ ವಾಕ್ಯಪದೀಯದಲ್ಲಿ ಎರಡೂ ಪಕ್ಷಗಳನ್ನು ಮುಂದಿಟ್ಟಿದ್ದಾನೆ. ಹದಿನೇಳನೆಯ ಶತಮಾನದ ವೈಯಾಕರಣ ಕೌಂಡ ಭಟ್ಟ ದೇಶಭಾಷೆಯ ಶಬ್ದಗಳಿಗೂ ವಾಚಕಶಕ್ತಿ, ಅಂದರೆ ಅರ್ಥ ತಿಳಿಸುವ ಸ್ವಂತ ಬಲ, ಉಂಟೆಂದು ಒಪ್ಪಿ, ಸಾಧು-ಅಸಾಧುಗಳ ಭೇದ ಪುಣ್ಯಪಾಪಕ್ಕೆ ಸಂಬಂಧಿಸಿದ್ದೇ ಹೊರತು ಅರ್ಥಕ್ಕೆ ಸಂಬಂಧಿಸಿದ್ದಲ್ಲ ಎಂಬ ಪಕ್ಷಕ್ಕೆ ಒಲಿದನು.

ಬೇರೆ ಧರ್ಮಗಳೂ ಇದೇ ಕವಲಿನಲ್ಲಿ ನಿಂತು ಬೇರೆಬೇರೆ ದಾರಿ ಹಿಡಿದವು. ಇಸ್ಲಾಮಿನ ಸಾಂಪ್ರದಾಯಿಕ ನಿಲುವಿನಲ್ಲಿ ಕುರಾನ್ ಎಂದರೆ ಅರಬ್ಬೀ ಪಾಠವೇ. ಅನುವಾದವನ್ನು ಅರ್ಥದ ವಿವರಣೆ ಎಂದು ಮಾತ್ರ ಒಪ್ಪಲಾಗುತ್ತದೆ, ನಮಾಜಿನಲ್ಲಿ ಅದು ಮೂಲದ ಜಾಗಕ್ಕೆ ಬರುವುದಿಲ್ಲ. ಕ್ರೈಸ್ತ ಪರಂಪರೆಯಲ್ಲಿ ನಡೆದದ್ದು ಇನ್ನೊಂದು ಬಗೆ. 1546ರಲ್ಲಿ ಟ್ರೆಂಟ್ ಮಹಾಸಭೆ ಬೈಬಲಿನ ಹಲವು ಲ್ಯಾಟಿನ್ ಪಾಠಗಳ ನಡುವೆ 'ವಲ್ಗೇಟ್' ಎಂಬುದನ್ನು ಉಪದೇಶಕ್ಕೂ ವಾದಕ್ಕೂ ಅಧಿಕೃತವೆಂದು ಗೊತ್ತುಮಾಡಿತು. ಹೀಬ್ರೂ, ಗ್ರೀಕ್ ಮೂಲಗಳಿಂದ ಇಳಿದು ಬಂದ ಅನುವಾದವೊಂದು ಹೀಗೆ ಪ್ರಮಾಣಪಾಠವಾಯಿತು. ಜೈನರ ಸಮವಸರಣದ, ಅಂದರೆ ತೀರ್ಥಂಕರನ ಉಪದೇಶಸಭೆಯ, ಕಲ್ಪನೆ ಇವೆರಡಕ್ಕಿಂತ ಭಿನ್ನ. ಅಲ್ಲಿ ತೀರ್ಥಂಕರನ ದಿವ್ಯಧ್ವನಿ ಒಂದೇ, ನೆರೆದ ಜೀವಿಗಳಿಗೆಲ್ಲ ಅದು ತಂತಮ್ಮ ಭಾಷೆಯಲ್ಲಿ ತಿಳಿಯುತ್ತದೆ. ಮೂಲ, ಅನುವಾದ ಎಂಬ ಮೇಲುಕೀಳು ಅಲ್ಲಿ ಏಳುವುದೇ ಇಲ್ಲ.

ಹನ್ನೆರಡನೆಯ ಶತಮಾನದ ವಚನಗಳು ಈ ಚರ್ಚೆಗೆ ಮತ್ತೊಂದು ತಿರುವು ಕೊಡುತ್ತವೆ. ಅನುಭಾವದ ಮಾತು ನೇರವಾಗಿ ಕನ್ನಡದಲ್ಲೇ ಹುಟ್ಟಿತು, ಹಿಂದೆ ಸಂಸ್ಕೃತ ಮೂಲವಿರಲಿಲ್ಲ. ಎಂಟು ಶತಮಾನಗಳ ಮೇಲೆ, 1973ರಲ್ಲಿ, ಎ. ಕೆ. ರಾಮಾನುಜನ್ ಅವರ 'ಸ್ಪೀಕಿಂಗ್ ಆಫ್ ಶಿವ' ಬಂದು ಹೊರನಾಡುಗಳ ಓದುಗರಿಗೆ ವಚನಗಳನ್ನು ಪರಿಚಯಿಸಿತು. ಅಲ್ಲಿಂದಾಚೆಗೆ ಅನೇಕರಿಗೆ ವಚನವೆಂದರೆ ಮೊದಲು ಎದುರಾಗುವುದು ಇಂಗ್ಲಿಷ್ ಪಾಠ. ಮೊದಲು ಹುಟ್ಟಿದ ಪಾಠವೇ ಮೊದಲು ಸಿಗುವ ಪಾಠವಾಗಬೇಕೆಂದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ನಕಲು, ಅಧಿಕೃತ, ಪರ್ಯಾಯ

ಸರ್ಚ್ ಎಂಜಿನ್‌ಗಳು ಈ ಕವಲಿಗೆ ಬಂದದ್ದು ನಕಲಿನ ಕಾಟದಿಂದ. ಒಂದೇ ಬರಹ ಹಲವು ವಿಳಾಸಗಳಲ್ಲಿ ಸಿಕ್ಕರೆ ಫಲಿತಾಂಶದ ಪಟ್ಟಿ ಒಂದೇ ಮಾತಿನ ಪುನರುಕ್ತಿಯಾಗುತ್ತದೆ. ಅದಕ್ಕಾಗಿ 2009ರ ಫೆಬ್ರುವರಿಯಲ್ಲಿ ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಮೂರೂ ಸೇರಿ 'ಕ್ಯಾನಾನಿಕಲ್' ಎಂಬ ಗುರುತನ್ನು ಜಾರಿಗೆ ತಂದವು. ಒಂದೇ ಬರಹದ ಹಲವು ಪ್ರತಿಗಳಲ್ಲಿ ಯಾವುದು ಪ್ರಧಾನ ಎಂಬುದನ್ನು ಜಾಲತಾಣದವರು ಇದರಿಂದ ಸೂಚಿಸಬಹುದು. ಮಿಕ್ಕ ಪ್ರತಿಗಳಿಗೆ ದೊರೆತ ಲಿಂಕುಗಳ ಬಲವೂ ಪ್ರಧಾನಪ್ರತಿಯ ಲೆಕ್ಕಕ್ಕೆ ಸೇರುತ್ತದೆ. ಟ್ರೆಂಟ್ ಸಭೆ ಮಾಡಿದ್ದೂ ಬಹುಮಟ್ಟಿಗೆ ಇದೇ ಬಗೆಯ ಕೆಲಸ.

ಅನುವಾದಿತ ಪುಟಗಳಿಗೆ ಈ ನಿಯಮ ಹೊಂದುವುದಿಲ್ಲ. ಕನ್ನಡ ಪುಟ ಇಂಗ್ಲಿಷ್ ಪುಟದ ಪ್ರತಿಯಲ್ಲ. ಇಂಗ್ಲಿಷ್ ಓದಲಾರದವನಿಗೆ ಇಂಗ್ಲಿಷ್ ಪುಟವನ್ನು ಪ್ರಧಾನವೆಂದು ತೋರಿಸಿ ಪ್ರಯೋಜನವೂ ಇಲ್ಲ. ಹಾಗಾಗಿ 2011ರ ಡಿಸೆಂಬರಿನಲ್ಲಿ ಗೂಗಲ್ 'ಎಚ್‌ರೆಫ್‌ಲ್ಯಾಂಗ್' ಗುರುತಿನ ಬಳಕೆಯನ್ನು ವಿಸ್ತರಿಸಿತು. ಈ ಪುಟದ ಕನ್ನಡ ರೂಪ ಇಲ್ಲಿದೆ, ಹಿಂದಿ ರೂಪ ಅಲ್ಲಿದೆ ಎಂದು ಅದು ತಿಳಿಸುತ್ತದೆ. ಯಾವ ರೂಪವೂ ಇನ್ನೊಂದಕ್ಕೆ ಅಧೀನವಲ್ಲ, ಎಲ್ಲವೂ ಪರಸ್ಪರ ಪರ್ಯಾಯಗಳು. ಪಟ್ಟಿಯಲ್ಲಿರುವ ಯಾವ ಭಾಷೆಯೂ ಹೊಂದದ ಓದುಗನಿಗಾಗಿ 'ಎಕ್ಸ್-ಡಿಫಾಲ್ಟ್' ಎಂಬ ಗುರುತು 2013ರಲ್ಲಿ ಸೇರಿತು. ಪ್ರತಿಯೊಂದು ಭಾಷೆಯ ಪುಟವೂ ಕ್ಯಾನಾನಿಕಲ್ ಗುರುತಿನಲ್ಲಿ ತನ್ನನ್ನೇ ತೋರಿಸಿಕೊಳ್ಳಬೇಕು ಎಂಬುದು ಇದರ ಜೊತೆಗಿನ ನಿಯಮ. ಕನ್ನಡ ಪುಟದ ಕ್ಯಾನಾನಿಕಲ್ ಇಂಗ್ಲಿಷ್ ಪುಟದತ್ತ ತಿರುಗಿದ್ದರೆ ಕನ್ನಡ ಪುಟ ಸೂಚಿಯಿಂದಲೇ ಬಿದ್ದುಹೋಗಬಹುದು. ಮೀಮಾಂಸಕರ ಪಕ್ಷವನ್ನು ಕೋಡಿನಲ್ಲಿ ಬರೆದರೆ ಆಗುವುದು ಇದೇ. ಕೌಂಡ ಭಟ್ಟನ ಪಕ್ಷಕ್ಕೆ ಒಪ್ಪುವುದು ಎಚ್‌ರೆಫ್‌ಲ್ಯಾಂಗಿನ ರಚನೆ.

ಈ ಸಂಬಂಧ ಏಕಪಕ್ಷೀಯವಾಗಿ ನಿಲ್ಲುವುದಿಲ್ಲ. ಕನ್ನಡ ಪುಟ ಇಂಗ್ಲಿಷ್ ಪುಟವನ್ನು ತನ್ನ ಪರ್ಯಾಯವೆಂದು ಹೆಸರಿಸಿ, ಇಂಗ್ಲಿಷ್ ಪುಟ ಸುಮ್ಮನಿದ್ದರೆ ಆ ಗುರುತನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ತಾನೊಬ್ಬನೇ ನೆಂಟನೆಂದು ಹೇಳಿಕೊಂಡರೆ ನೆಂಟಸ್ತನವಾಗದು. ಪುಟದ ತಲೆಯಲ್ಲಿ ಭಾಷೆಯ ಹೆಸರು ಬರೆದ ಮಾತ್ರಕ್ಕೆ ಪುಟ ಆ ಭಾಷೆಯದೂ ಆಗುವುದಿಲ್ಲ. ಗೂಗಲ್ ಭಾಷೆಯನ್ನು ಗುರುತಿಸುವುದು ಕಣ್ಣಿಗೆ ಕಾಣುವ ಬರಹದಿಂದ, ಕೋಡಿನಲ್ಲಿ ಹಚ್ಚಿದ ಚೀಟಿಯಿಂದಲ್ಲ. ಮೆನು, ಗುಂಡಿ, ಅಡಿಬರಹಗಳನ್ನಷ್ಟೇ ಕನ್ನಡ ಮಾಡಿ ಒಡಲನ್ನು ಇಂಗ್ಲಿಷಿನಲ್ಲೇ ಬಿಟ್ಟ ಪುಟ ನಕಲೆಂದೇ ಎಣಿಕೆಯಾಗುತ್ತದೆ. ಸ್ವಂತ ನೆಲೆ ಬೇಕಾದರೆ ಮೈಯಲ್ಲಿ ಭಾಷೆ ಇರಬೇಕು ಎಂಬುದು ಇಲ್ಲಿನ ತತ್ತ್ವ.

ಮೂಲವೂ ಅಲ್ಲದ, ಅನುವಾದವೂ ಅಲ್ಲದ ಮೂರನೆಯ ಸಂಬಂಧವೊಂದು ವಿಕಿಪೀಡಿಯಾದಲ್ಲಿದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯಾ ಇಂಗ್ಲಿಷ್ ಆವೃತ್ತಿಯ ಕನ್ನಡ ರೂಪವಲ್ಲ. ಅದಕ್ಕೆ ಅದರದೇ ಸಂಪಾದಕರು, ಅದರದೇ ತೀರ್ಮಾನಗಳು. ಒಂದೇ ವಿಷಯದ ಕುರಿತ ಲೇಖನಗಳನ್ನು ಭಾಷೆಯಿಂದ ಭಾಷೆಗೆ ಜೋಡಿಸುವುದು 2012ರಲ್ಲಿ ಶುರುವಾದ ವಿಕಿಡೇಟಾ. ಅಲ್ಲಿ ಒಂದೇ ಆಗಿರುವುದು ವಿಷಯ ಮಾತ್ರ, ಅದರ ಬಗ್ಗೆ ಆಡಿದ ಮಾತುಗಳು ಬೇರೆ. ಇದಕ್ಕೆ ವ್ಯತಿರಿಕ್ತವಾದ ಮಾದರಿ ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥದ ಜಾಲತಾಣ. ಒಂದೇ ಉಪದೇಶವನ್ನು ಸಾವಿರಕ್ಕೂ ಹೆಚ್ಚು ಭಾಷೆಗಳಲ್ಲಿ ಕೊಡುವ ಅದು, ಮಾತು ಬದಲಾದರೂ ಹೇಳಿಕೆ ಬದಲಾಗಬಾರದೆಂಬ ಗುರಿ ಇಟ್ಟುಕೊಂಡಿದೆ.

ಭಾಷೆಯೇ ದೇಶವಲ್ಲ

ಓದುಗ ಯಾರು ಎಂಬ ಪ್ರಶ್ನೆಗೆ ಎಚ್‌ರೆಫ್‌ಲ್ಯಾಂಗ್ ಕೊಡುವ ಉತ್ತರದಲ್ಲಿ ಒಂದು ಕ್ರಮವಿದೆ. ಮೊದಲು ಭಾಷೆಯ ಸಂಕೇತ, ಬೇಕಾದರೆ ಅದರ ಹಿಂದೆ ದೇಶದ ಸಂಕೇತ. ಭಾಷೆಯೊಂದನ್ನೇ ಹೇಳಬಹುದು, ದೇಶವೊಂದನ್ನೇ ಹೇಳುವಂತಿಲ್ಲ. ಬ್ರಿಟನ್ನಿಗೂ ಅಮೆರಿಕಕ್ಕೂ ಬೇರೆಬೇರೆ ಇಂಗ್ಲಿಷ್ ಪುಟಗಳನ್ನಿಡುವ ಅಂಗಡಿಗೆ ದೇಶದ ಗುರುತು ಅವಶ್ಯ, ಏಕೆಂದರೆ ಅಲ್ಲಿ ಬೆಲೆ, ತೆರಿಗೆ, ಸಾಗಣೆಯ ಷರತ್ತು ಬದಲಾಗುತ್ತವೆ. ಧರ್ಮ, ಸಾಹಿತ್ಯ, ವಿಜ್ಞಾನದ ಬರಹಕ್ಕೆ ಅದು ಬೇಕಿಲ್ಲ. ಕನ್ನಡ ಓದುವವರು ಕಾಸರಗೋಡಿನಲ್ಲಿದ್ದಾರೆ, ಸೊಲ್ಲಾಪುರದಲ್ಲಿದ್ದಾರೆ, ಮುಂಬಯಿಯಲ್ಲಿ, ದುಬೈನಲ್ಲಿ, ಅಮೆರಿಕದಲ್ಲೂ ಇದ್ದಾರೆ. ವಚನದ ಕುರಿತ ಪುಟಕ್ಕೆ 'ಕನ್ನಡ, ಭಾರತ' ಎಂದು ಗುರುತು ಹಚ್ಚಿದರೆ ಏನನ್ನೂ ಗಳಿಸಿದಂತಾಗದು. 'ಕನ್ನಡ' ಎಂದಷ್ಟೇ ಬರೆದರೆ ಎಲ್ಲರೂ ಒಳಗಾಗುತ್ತಾರೆ.

ದೇಶವನ್ನು ಪತ್ತೆಮಾಡಲು ಯಂತ್ರಕ್ಕಿರುವ ಸುಳಿವುಗಳು ಹಲವು: ಡೊಮೇನಿನ ಕೊನೆಯ ತುಣುಕು, ಪುಟದಲ್ಲಿ ಬರೆದ ವಿಳಾಸ ಮತ್ತು ಫೋನ್ ನಂಬರು, ಹಣದ ಲೆಕ್ಕ, ಬಂದ ಲಿಂಕುಗಳು. 'ಡಾಟ್ ಇನ್' ಎಂದು ಕೊನೆಯಾಗುವ ತಾಣ ಭಾರತದವರಿಗಾಗಿ ಇದೆಯೆಂಬ ಊಹೆ ಬಲವಾಗಿರುತ್ತದೆ. 'ಡಾಟ್ ಐಒ', 'ಡಾಟ್ ಟಿವಿ'ಗಳು ಹೆಸರಿಗೆ ದೇಶಗಳದ್ದಾದರೂ ಲೋಕವೆಲ್ಲ ಬಳಸುವುದರಿಂದ ಅವನ್ನು ಯಾವ ದೇಶಕ್ಕೂ ಸೇರಿಸುವುದಿಲ್ಲ. ಹುಡುಕುವವನ ಕಡೆಯಲ್ಲೂ ಬದಲಾವಣೆ ಆಗಿದೆ. ಒಂದು ಕಾಲಕ್ಕೆ ಯಾವ ದೇಶದ ಗೂಗಲ್ ವಿಳಾಸ ತೆರೆದರೆ ಆ ದೇಶದ ಫಲಿತಾಂಶ ಸಿಗುತ್ತಿತ್ತು. 2017ರ ಅಕ್ಟೋಬರಿನಿಂದ ವಿಳಾಸ ಯಾವುದಿದ್ದರೂ ಹುಡುಕುವವನು ಇರುವ ಜಾಗಕ್ಕೆ ತಕ್ಕ ಫಲಿತಾಂಶ ಬರತೊಡಗಿತು. ತಾನು ಎಲ್ಲಿಯವನೆಂದು ಎಣಿಸಿಕೊಳ್ಳಬೇಕು ಎಂಬುದನ್ನು ಓದುಗ ಆರಿಸಿಕೊಳ್ಳುತ್ತಿದ್ದ ಕಡೆ ಈಗ ಅವನ ಫೋನು ಇರುವ ಜಾಗ ಆರಿಸುತ್ತದೆ.

ಜಾಗ ನೋಡಿ ಭಾಷೆ ಬದಲಿಸುವ ತಾಣಗಳು ಇದೇ ಕಾರಣಕ್ಕೆ ಎಡವುತ್ತವೆ. ಗೂಗಲಿನ ಓದುಯಂತ್ರ ಸಾಮಾನ್ಯವಾಗಿ ಅಮೆರಿಕದ ವಿಳಾಸಗಳಿಂದ ಬರುತ್ತದೆ, ತನಗೆ ಯಾವ ಭಾಷೆ ಬೇಕೆಂದು ಹೇಳಿಕೊಳ್ಳುವುದೂ ಇಲ್ಲ. ಬಂದವನ ಊರು ನೋಡಿ ತಾನಾಗಿ ಪುಟ ತಿರುಗಿಸುವ ತಾಣ ಅದಕ್ಕೆ ಇಂಗ್ಲಿಷನ್ನಷ್ಟೇ ತೋರಿಸಿ ಕನ್ನಡವನ್ನು ಮರೆಮಾಡಬಹುದು. ಕೇಳುಗನಿಗೆ ತಕ್ಕಂತೆ ಭಾಷೆಯಾಗುವ ದಿವ್ಯಧ್ವನಿ ಸಮವಸರಣದಲ್ಲಿ ಸಲ್ಲುತ್ತದೆ. ಜಾಲದಲ್ಲಿ ಪ್ರತಿ ಭಾಷೆಗೂ ಅದರದೇ ವಿಳಾಸ ಕೊಟ್ಟು, ಓದುಗನೇ ಆರಿಸಿಕೊಳ್ಳುವಂತೆ ಕೊಂಡಿಗಳನ್ನಿಡುವುದು ಕ್ಷೇಮ.

ನುಡಿಗೂ ನಾಡಿಗೂ ಗೆರೆ ಎಳೆಯುವ ಯತ್ನ ಕನ್ನಡದಲ್ಲಿ ಹೊಸದಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡೆಂದು ಹೇಳಿ, ಅದರೊಳಗೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ಭಾಗವನ್ನು ಕನ್ನಡದ ತಿರುಳೆಂದು ಗುರುತಿಸಿತು. ಅದರ ಜೊತೆಗೇ ಕನ್ನಡಗಳು ಹಲವೆಂದೂ ಅವನ್ನೆಲ್ಲ ಎಣಿಸಿ ಮುಗಿಸಲಾಗದೆಂದೂ ಒಪ್ಪಿಕೊಂಡಿತು. ಇಂದಿನ ಸಂಕೇತಗಳಲ್ಲಿ ಈ ಎರಡನೆಯ ತಿಳಿವಿಗೆ ಜಾಗ ಕಿರಿದು. ಎಚ್‌ರೆಫ್‌ಲ್ಯಾಂಗಿಗಾಗಿ ಗೂಗಲ್ ಕೇಳುವುದು ಎರಡಕ್ಷರದ ಭಾಷಾಸಂಕೇತ. ಕನ್ನಡಕ್ಕೆ ಅದು 'ಕೆಎನ್'. ತುಳು, ಕೊಡವ, ಕೊಂಕಣಿಗಳಿಗೆ ಮೂರಕ್ಷರದ ಸಂಕೇತಗಳಿವೆ, ಎರಡಕ್ಷರದ್ದು ಇಲ್ಲ. 2011ರ ಜನಗಣತಿಯಲ್ಲಿ ತುಳುವನ್ನು ತಾಯ್ನುಡಿ ಎಂದವರು 18 ಲಕ್ಷಕ್ಕೂ ಹೆಚ್ಚು. 2016ರಿಂದ ತುಳುವಿಗೆ ತನ್ನದೇ ವಿಕಿಪೀಡಿಯಾ ಇದೆ, 2024ರಲ್ಲಿ ಗೂಗಲಿನ ಅನುವಾದಯಂತ್ರಕ್ಕೂ ಅದು ಸೇರಿತು. ಹಾಗಿದ್ದೂ ಈ ಪುಟ ತುಳುವಿನದು ಎಂದು ಸರ್ಚ್ ಎಂಜಿನ್ನಿಗೆ ಹೇಳಲು ಆ ಗುರುತಿನಲ್ಲಿ ನಿಯಮದ ದಾರಿಯಿಲ್ಲ. ಪಟ್ಟಿಯಲ್ಲಿ ಇಲ್ಲದ ಭಾಷೆಗೆ ಪರ್ಯಾಯವೆನಿಸಿಕೊಳ್ಳುವ ಅರ್ಹತೆಯೂ ತಪ್ಪುತ್ತದೆ.

ಮೇಲೆ ನಿಂತದ್ದು ಪ್ರಮಾಣವೇ?

ಎಚ್‌ರೆಫ್‌ಲ್ಯಾಂಗ್ ಪುಟದ ರ‍್ಯಾಂಕನ್ನು ಏರಿಸುವುದಿಲ್ಲ. ಒಂದು ಗುಂಪಿನ ಪುಟಗಳಲ್ಲಿ ಯಾವುದನ್ನು ಯಾರಿಗೆ ತೋರಿಸಬೇಕು ಎಂಬುದಕ್ಕಷ್ಟೇ ಅದರ ವ್ಯಾಪ್ತಿ. ಏರಿಳಿತವನ್ನು ತೀರ್ಮಾನಿಸುವ ಸಂಗತಿಗಳು ಬೇರೆ. 1998ರಲ್ಲಿ ಸರ್ಗೇ ಬ್ರಿನ್ ಮತ್ತು ಲ್ಯಾರಿ ಪೇಜ್ ಮುಂದಿಟ್ಟ ಪೇಜ್‌ರ‍್ಯಾಂಕ್ ವಿಧಾನ ಒಂದು ಪುಟ ಇನ್ನೊಂದಕ್ಕೆ ಕೊಡುವ ಲಿಂಕನ್ನು ಮತದಂತೆ ಎಣಿಸಿತು. ಹೆಚ್ಚು ಮತ ಪಡೆದ ಪುಟದ ಮತಕ್ಕೆ ಹೆಚ್ಚು ತೂಕ. ಇಂದು ನೂರಾರು ಬೇರೆ ಸುಳಿವುಗಳು ಸೇರಿದ್ದರೂ ಇತರರು ಇಟ್ಟ ನಂಬಿಕೆಯನ್ನು ಅಳೆಯಬೇಕೆಂಬ ಮೂಲದೃಷ್ಟಿ ಉಳಿದಿದೆ.

ನ್ಯಾಯದರ್ಶನ ಶಬ್ದವನ್ನು ಪ್ರಮಾಣವೆಂದು, ಅಂದರೆ ನಿಜವಾದ ಅರಿವಿನ ಸಾಧನವೆಂದು, ಒಪ್ಪುವುದು ಆಪ್ತನ ಮಾತಾದರೆ. ಆಪ್ತನೆಂದರೆ ವಿಷಯವನ್ನು ಸ್ವತಃ ಬಲ್ಲವನು, ಬಲ್ಲದ್ದನ್ನು ಇದ್ದಂತೆ ಹೇಳಬೇಕೆಂಬ ಇಚ್ಛೆಯುಳ್ಳವನು. ಭಾಷ್ಯಕಾರ ವಾತ್ಸ್ಯಾಯನ ಇಲ್ಲಿ ಮಹತ್ವದ ಮಾತೊಂದನ್ನು ಸೇರಿಸುತ್ತಾನೆ: ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ. ಹೇಳುವವನ ಕುಲ, ಭಾಷೆ, ದೇಶಗಳು ಮಾತಿನ ಪ್ರಾಮಾಣ್ಯವನ್ನು ಹೆಚ್ಚಿಸುವುದೂ ಇಲ್ಲ, ತಗ್ಗಿಸುವುದೂ ಇಲ್ಲ. ಈ ಅಳತೆಗೋಲಿನಿಂದ ನೋಡಿದರೆ ರ‍್ಯಾಂಕಿಂಗಿನ ಮಿತಿ ಕಾಣುತ್ತದೆ. ಲಿಂಕು ಆಪ್ತತ್ವದ ಕುರುಹಾಗಬಹುದು, ಅದೇ ಆಪ್ತತ್ವವಲ್ಲ. ಕುರುಹುಗಳು ಭಾಷೆಯಿಂದ ಭಾಷೆಗೆ ಸಮವಾಗಿ ಹಂಚಿಕೆಯಾಗಿಲ್ಲ. ಲಿಂಕು ಕೊಡುವವರು ಸಾಮಾನ್ಯವಾಗಿ ತಮ್ಮ ಭಾಷೆಯೊಳಗೇ ಕೊಡುತ್ತಾರೆ. ಬರೆಯುವವರು ಹೆಚ್ಚಿರುವ ಭಾಷೆಯಲ್ಲಿ ಮತಗಳೂ ಹೆಚ್ಚು. ಕನ್ನಡವನ್ನು ತಾಯ್ನುಡಿಯಾಗಿ ಉಳ್ಳವರು 2011ರ ಗಣತಿಯಂತೆ ಸುಮಾರು 4.37 ಕೋಟಿ. ಅಷ್ಟು ಜನ ಮಾತಾಡುವ ಭಾಷೆಯಾದರೂ ಜಾಲದಲ್ಲಿ ಅದರ ಬರಹ ತೆಳು. ವಚನಗಳನ್ನು ಆಳವಾಗಿ ಬಲ್ಲವರು ಕನ್ನಡದಲ್ಲಿ ಬರೆದ ಪುಟಕ್ಕೆ ಬರುವ ಲಿಂಕುಗಳು ಕೆಲವಾದರೆ, ಅದೇ ವಿಷಯದ ಸಾಧಾರಣ ಇಂಗ್ಲಿಷ್ ಪುಟಕ್ಕೆ ಹತ್ತಾರು ಬರಬಹುದು. ನಿಯಮ ಕೊಟ್ಟ ಸಮಾನತೆಯನ್ನು ಎಣಿಕೆ ಹಿಂದಕ್ಕೆ ಪಡೆಯುತ್ತದೆ.

ಹೀಗೆಂದು ರ‍್ಯಾಂಕನ್ನು ಪೂರ್ತಿ ತಳ್ಳಿಹಾಕಬೇಕಿಲ್ಲ. ಜ್ಞಾನದ ಪ್ರಾಮಾಣ್ಯ ಸ್ವತಃಸಿದ್ಧ, ಬಾಧಕ ಬರುವವರೆಗೆ ಅದನ್ನು ನಂಬಬಹುದು ಎಂದರು ಕುಮಾರಿಲನ ಪಂಥದ ಮೀಮಾಂಸಕರು. ಪ್ರಾಮಾಣ್ಯ ಹೊರಗಿನ ಪರೀಕ್ಷೆಯಿಂದ ತಿಳಿಯಬೇಕಾದದ್ದು ಎಂದರು ನೈಯಾಯಿಕರು. ಮೊದಲ ಫಲಿತಾಂಶವನ್ನು ತೆರೆದು ಓದಿ ಮುಗಿಸುವ ಬಳಕೆದಾರ ತಿಳಿಯದೆಯೇ ಮೊದಲ ಪಕ್ಷದಲ್ಲಿರುತ್ತಾನೆ. ದಿನಬಳಕೆಗೆ ಅದು ಸಾಕು. ಧರ್ಮಗ್ರಂಥದ ಅರ್ಥ, ಔಷಧದ ಪ್ರಮಾಣ, ಕಾನೂನಿನ ಷರತ್ತುಗಳಂಥ ವಿಷಯದಲ್ಲಿ ಎರಡನೆಯ ಪಕ್ಷವೇ ಕಾಯುವುದು.

ಗಿಳಿಯ ಮಾತು ಮತ್ತು ಯಂತ್ರಾನುವಾದ

ಗೂಗಲ್ ಅನುವಾದಯಂತ್ರಕ್ಕೆ ಕನ್ನಡ ಬಂದದ್ದು 2011ರಲ್ಲಿ. ಈಗ ಹುಡುಕಾಟದ ಒಳಗೇ ಅನುವಾದ ನಡೆಯುತ್ತದೆ. ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ತಕ್ಕ ಕನ್ನಡ ಪುಟ ಸಿಗದಿದ್ದರೆ, ಬೇರೆ ಭಾಷೆಯ ಪುಟದ ಶೀರ್ಷಿಕೆ ಮತ್ತು ಸಾರಾಂಶವನ್ನು ಗೂಗಲ್ ಕನ್ನಡಿಸಿ ತೋರಿಸಬಹುದು. ಅದನ್ನು ತೆರೆದರೆ ಇಡೀ ಪುಟ ಯಂತ್ರದ ಕನ್ನಡದಲ್ಲಿ ಬರುತ್ತದೆ. ಬೇಡವೆನ್ನುವ ತಾಣದವರು ಅದನ್ನು ತಡೆಯುವ ಗುರುತು ಹಾಕಿಕೊಳ್ಳಬಹುದು. ಇನ್ನೊಂದೆಡೆ ತಾವೇ ಸಾವಿರಾರು ಪುಟಗಳನ್ನು ಯಂತ್ರದಿಂದ ಭಾಷಾಂತರಿಸಿ, ಯಾರೂ ಓದಿ ತಿದ್ದದೆ, ರ‍್ಯಾಂಕಿಗಾಗಿಯೇ ಹಾಕುವವರಿದ್ದಾರೆ. ಓದುಗನಿಗೆ ಹೊಸದೇನನ್ನೂ ಕೊಡದ ಇಂಥ ರಾಶಿಯನ್ನು ಗೂಗಲಿನ ನೀತಿ ಸ್ಪ್ಯಾಮ್ ಎಂದು ಕರೆಯುತ್ತದೆ.

ವಾಕ್ಯದಿಂದ ಅರ್ಥ ತಿಳಿಯಲು ಆಡಿದವನ ತಾತ್ಪರ್ಯವೂ ತಿಳಿಯಬೇಕೆಂದು ನೈಯಾಯಿಕರು ಹೇಳುತ್ತಾರೆ. ಹಾಗಾದರೆ ಗಿಳಿಯ ಮಾತಿನಿಂದ ಅರ್ಥ ಹೊಳೆಯುವುದು ಹೇಗೆ? ಗಿಳಿಗೆ ತಾತ್ಪರ್ಯವಿಲ್ಲ. ವಿಶ್ವನಾಥನ ನ್ಯಾಯಸಿದ್ಧಾಂತ ಮುಕ್ತಾವಲಿ ಈ ತೊಡಕನ್ನು ಎತ್ತಿಕೊಂಡು, ಗಿಳಿಯ ಮಾತು ನಿಜವಾದಲ್ಲಿ ಈಶ್ವರನ ತಾತ್ಪರ್ಯವನ್ನೂ, ಸುಳ್ಳಾದಲ್ಲಿ ಅದಕ್ಕೆ ಮಾತು ಕಲಿಸಿದವನ ತಾತ್ಪರ್ಯವನ್ನೂ ಆಶ್ರಯಿಸುತ್ತದೆ ಎಂದು ಹೇಳುತ್ತದೆ. ಯಂತ್ರದ ಕನ್ನಡಕ್ಕೆ ಈ ವಿಶ್ಲೇಷಣೆ ಚೆನ್ನಾಗಿ ಒಗ್ಗುತ್ತದೆ. ಅನುವಾದ ಸರಿಯಾಗಿದ್ದಲ್ಲಿ ಓದುಗನಿಗೆ ಮುಟ್ಟುವುದು ಮೂಲ ಬರೆದವನ ತಾತ್ಪರ್ಯ. ತಪ್ಪಿದಲ್ಲಿ ಆ ತಪ್ಪು ಮೂಲ ಲೇಖಕನದಲ್ಲ, ತಾತ್ಪರ್ಯವಿಲ್ಲದ ಯಂತ್ರದ್ದೂ ಅಲ್ಲ. ಅದನ್ನು ಕಲಿಸಿದವರು ಮತ್ತು ಓದಿ ನೋಡದೆ ಪ್ರಕಟಿಸಿದವರು ಅದಕ್ಕೆ ಹೊಣೆ. ಇಂಥ ಪುಟಕ್ಕೆ ಅರ್ಥ ತಿಳಿಸುವ ಶಕ್ತಿ ಇರಬಹುದು, ಆದರೆ ಆಪ್ತನಿಲ್ಲ. ಶಕ್ತಿಯೂ ಪ್ರಾಮಾಣ್ಯವೂ ಬೇರೆಬೇರೆ ಎಂಬ ಭೇದ ಇಲ್ಲಿ ಸ್ಪಷ್ಟವಾಗುತ್ತದೆ.

ಮೂರು ಪ್ರಶ್ನೆಗಳಿಗೂ ಈಗ ಉತ್ತರ ಕೂಡಿಸಬಹುದು. ಅನುವಾದಿತ ಪುಟಕ್ಕೆ ಸ್ವಂತ ವಾಚಕಶಕ್ತಿ ಉಂಟು, ಅದನ್ನು ನಕಲೆಂದು ಕಾಣುವುದು ತಾತ್ವಿಕವಾಗಿಯೂ ತಾಂತ್ರಿಕವಾಗಿಯೂ ತಪ್ಪು. ಓದುಗನ ಮೊದಲ ಗುರುತು ಭಾಷೆ. ಬೆಲೆ, ಕಾನೂನು ಬದಲಾಗುವ ವಿಷಯದಲ್ಲಿ ಮಾತ್ರ ದೇಶವೂ ಬೇಕು. ರ‍್ಯಾಂಕು ಪ್ರಾಮಾಣ್ಯದ ಕುರುಹು, ಅದೂ ಭಾಷೆಗಳ ನಡುವೆ ಸಮವಲ್ಲದ ಕುರುಹು. ಯಾವ ಸಂಕೇತವೂ ಪುಟಕ್ಕೆ ಆಪ್ತನನ್ನು ಒದಗಿಸದು. ವಿಷಯ ಬಲ್ಲವರು ತಮ್ಮ ಭಾಷೆಯಲ್ಲಿ ಬರೆದು, ಅದೇ ಭಾಷೆಯ ಇತರರು ಓದಿ ಪರೀಕ್ಷಿಸಿ ಲಿಂಕು ಕೊಟ್ಟಾಗ ಮಾತ್ರ ಆ ಭಾಷೆಯ ಪುಟಕ್ಕೆ ಶಕ್ತಿಯ ಜೊತೆ ಪ್ರಾಮಾಣ್ಯವೂ ಕೂಡಿಬರುತ್ತದೆ.